ಭಾರದ ಸ್ಪೀಕರ್‌ಗಳ ಸ್ಟ್ಯಾಂಡ್ ಮತ್ತು ಗೋಡೆ ಬ್ರಾಕೆಟ್

ಹೋಮ್ ಥಿಯೇಟರಿನ ಸ್ಪೀಕರ್ ಪೆಟ್ಟಿಗೆಯನ್ನು ಕೇಳುಗರ ಕಿವಿಯ ಮಟ್ಟಕ್ಕೆ ಎತ್ತಿ, ಅಲುಗದಂತೆ ಹಿಡಿದು ನಿಲ್ಲಿಸುವ ಆಧಾರಕ್ಕೆ ಸ್ಪೀಕರ್ ಸ್ಟ್ಯಾಂಡ್ ಎನ್ನುತ್ತಾರೆ. ನೆಲದ ಮೇಲೆ ನಿಲ್ಲುವ ಬದಲು ಗೋಡೆಗೋ ಸೂರಿಗೋ ಬಿಗಿದದ್ದಾದರೆ ಅದು ಬ್ರಾಕೆಟ್. ಎರಡು ಮೂರು ಕೆ.ಜಿ. ತೂಗುವ ಪುಟ್ಟ ಸ್ಪೀಕರಿಗೆ ಯಾವ ಆಧಾರ ಕೊಟ್ಟರೂ ನಡೆಯುತ್ತದೆ. ಎಂಟು ಹತ್ತು ಕೆ.ಜಿ. ದಾಟಿದ ಪೆಟ್ಟಿಗೆಗಳ ಮಾತು ಬೇರೆ. ಅಲ್ಲಿ ಆಧಾರ ಸರಿಯಿಲ್ಲದಿದ್ದರೆ ದನಿ ಕೆಡುತ್ತದೆ, ಪೆಟ್ಟಿಗೆ ಬಿದ್ದರೆ ಮನೆಮಂದಿಯ ಮೈಮೇಲೇ ಬೀಳುತ್ತದೆ. ಕೊಳ್ಳುವವರು ಸಾಮಾನ್ಯವಾಗಿ ಡಬ್ಬದ ಮೇಲೆ ಅಚ್ಚಾಗಿರುವ ‘ಇಷ್ಟು ಕೆ.ಜಿ. ತಡೆಯುತ್ತದೆ’ ಎಂಬ ಸಾಲನ್ನು ಓದಿ ಸುಮ್ಮನಾಗುತ್ತಾರೆ. ಆ ಸಾಲು ಅರ್ಧ ಸಂಗತಿಯನ್ನಷ್ಟೇ ಹೇಳುತ್ತದೆ. ಆ ತೂಕ ನೆಲದಿಂದ ಎಷ್ಟು ಎತ್ತರದಲ್ಲಿದೆ, ಗೋಡೆಯಿಂದ ಎಷ್ಟು ದೂರಕ್ಕೆ ಚಾಚಿದೆ ಎಂಬುದೇ ಉಳಿದರ್ಧ, ಮತ್ತು ಅವಘಡಗಳು ಹುಟ್ಟುವುದು ಆ ಉಳಿದರ್ಧದಲ್ಲಿ.

ಹಿನ್ನೆಲೆ

1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಅಕೌಸ್ಟಿಕ್ ರಿಸರ್ಚ್ ಎಂಬ ಕಂಪನಿಯನ್ನು ಕಟ್ಟಿದರು. ಗಾಳಿ ಆಡದಂತೆ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿ, ಸಣ್ಣ ಗಾತ್ರದಲ್ಲೂ ಮಂದ್ರ ಸ್ವರ ಹೊರಡಿಸುವ ಎಆರ್-1 ಸ್ಪೀಕರನ್ನು ಹೊರತಂದರು. ಅಲ್ಲಿಯವರೆಗೆ ಒಳ್ಳೆಯ ಮಂದ್ರ ಬೇಕೆಂದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. ಹೊಸ ಬಗೆಯದನ್ನು ಪುಸ್ತಕದ ಕಪಾಟಿನಲ್ಲಿ ಇಡಬಹುದೆಂದು ‘ಬುಕ್‌ಶೆಲ್ಫ್ ಸ್ಪೀಕರ್’ ಎಂದು ಕರೆದರು. ಹೆಸರು ಹಗುರವಾಗಿದ್ದರೂ ಪೆಟ್ಟಿಗೆ ಹಗುರವಾಗಿರಲಿಲ್ಲ. ಅದೇ ಕಂಪನಿಯ 1967ರ ಎಆರ್-3ಎ ಸುಮಾರು 24 ಕೆ.ಜಿ. ತೂಗುತ್ತಿತ್ತು. ಅಷ್ಟು ಭಾರವನ್ನು ಹೊರುವ ಕಪಾಟು ಎಷ್ಟು ಮನೆಗಳಲ್ಲಿದ್ದೀತು?

1958ರಲ್ಲಿ ಸ್ಟೀರಿಯೊ ಧ್ವನಿಮುದ್ರಿಕೆಗಳು ಮಾರುಕಟ್ಟೆಗೆ ಬಂದ ಮೇಲೆ ಮನೆಗೆ ಒಂದರ ಬದಲು ಎರಡು ಸ್ಪೀಕರ್ ಬೇಕಾದವು. ಎಡ ಬಲಗಳಲ್ಲಿ ಸಮಾನ ದೂರದಲ್ಲಿ, ಸಮಾನ ಎತ್ತರದಲ್ಲಿ ಇಡಬೇಕಾದ್ದರಿಂದ ಕಪಾಟನ್ನು ಬಿಟ್ಟು ನೆಲಕ್ಕಿಳಿಯುವುದು ಅನಿವಾರ್ಯವಾಯಿತು. ಸಿನಿಮಾ ದನಿ ಮನೆಯೊಳಕ್ಕೆ ಬಂದಾಗ ಎರಡು ಐದಾಯಿತು, ಏಳಾಯಿತು. 2012ರಲ್ಲಿ ಚಿತ್ರಮಂದಿರಗಳಿಗೆ ಬಂದ ಡಾಲ್ಬಿ ಅಟ್ಮಾಸ್ ಎಂಬ ಧ್ವನಿ ವ್ಯವಸ್ಥೆ 2014ರಲ್ಲಿ ಮನೆಗಳಿಗೂ ಬಂದು, ತಲೆಯ ಮೇಲೂ ಸ್ಪೀಕರ್ ಬೇಕೆನ್ನತೊಡಗಿತು. ಇಡುವ ಕೆಲಸಕ್ಕೆ ಬಿಗಿಯುವ, ನೇತುಹಾಕುವ ಕೆಲಸ ಸೇರಿಕೊಂಡದ್ದು ಹೀಗೆ.

ಎತ್ತರ ಮತ್ತು ಜಾಗ

ತಾರ ಸ್ವರಗಳನ್ನು ಹೊರಡಿಸುವ ಟ್ವೀಟರ್ ಕೇಳುಗರ ಕಿವಿಯ ಮಟ್ಟದಲ್ಲಿರಬೇಕು. ಆ ಸ್ವರಗಳು ದೀಪದ ಬೆಳಕಿನಂತೆ ನೇರವಾಗಿ ಸಾಗುವುದರಿಂದ ಎತ್ತರ ತಪ್ಪಿದರೆ ಮಾತಿನ ಸ್ಪಷ್ಟತೆ ಹೋಗುತ್ತದೆ. ಲೆಕ್ಕ ಸುಲಭ: ಕುಳಿತವರ ಕಿವಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಟೇಪು ಹಿಡಿದು ಅಳೆಯುವುದು, ಅದರಿಂದ ಪೆಟ್ಟಿಗೆಯ ತಳದಿಂದ ಟ್ವೀಟರಿನವರೆಗಿನ ಅಳತೆಯನ್ನು ಕಳೆಯುವುದು. ಕಿವಿ 95 ಸೆಂ.ಮೀ., ಟ್ವೀಟರ್ 30 ಸೆಂ.ಮೀ. ಆದರೆ ಸ್ಟ್ಯಾಂಡು 65 ಸೆಂ.ಮೀ. ಇರಬೇಕು. ಸೋಫಾದಲ್ಲಿ ಕುಳಿತವರ ಕಿವಿ ಸುಮಾರು 95ರಿಂದ 105 ಸೆಂ.ಮೀ. ಎತ್ತರದಲ್ಲಿರುತ್ತದೆ. ಚಾಪೆ ಹಾಸಿ ನೆಲದ ಮೇಲೆ ಕುಳಿತು ಸಿನಿಮಾ ನೋಡುವ ಮನೆಗಳಲ್ಲಿ ಇದು 70–75ಕ್ಕೆ ಇಳಿಯುತ್ತದೆ. ವಿದೇಶಿ ಕೈಪಿಡಿಗಳ ಅಳತೆ ಅಂಥ ಮನೆಗೆ ಹೊಂದುವುದಿಲ್ಲ. ಮನೆಯವರು ದಿನವೂ ಹೇಗೆ ಕೂರುತ್ತಾರೋ ಹಾಗೆ ಕೂರಿಸಿಯೇ ಅಳೆಯಬೇಕು.

ಜೆಬಿಎಲ್ ಎಲ್100 ಕ್ಲಾಸಿಕ್‌ನಂಥ 26 ಕೆ.ಜಿ. ದಾಟಿದ ದೊಡ್ಡ ಪೆಟ್ಟಿಗೆಗಳನ್ನು ಇಷ್ಟು ಎತ್ತರಕ್ಕೆ ಏರಿಸುವುದು ಜಾಣತನವಲ್ಲ. ಅವುಗಳಿಗೆ ಗಿಡ್ಡ ಸ್ಟ್ಯಾಂಡು ಕೊಟ್ಟು ಪೆಟ್ಟಿಗೆಯನ್ನು ತುಸು ಹಿಂದಕ್ಕೆ ವಾಲಿಸುತ್ತಾರೆ. ಟ್ವೀಟರ್ 60 ಸೆಂ.ಮೀ. ಎತ್ತರದಲ್ಲಿದ್ದು, ಕೇಳುಗರ ಕಿವಿ 3 ಮೀಟರ್ ದೂರದಲ್ಲಿ 95 ಸೆಂ.ಮೀ. ಎತ್ತರದಲ್ಲಿದ್ದರೆ ಸುಮಾರು 7 ಡಿಗ್ರಿ ವಾಲಿಸಿದರೆ ಸಾಕು, ದನಿ ನೇರ ಕಿವಿಗೆ ಬರುತ್ತದೆ. ಭಾರವೂ ನೆಲದ ಹತ್ತಿರವೇ ಉಳಿಯುತ್ತದೆ. ತೀರ ಭಾರದ ಸ್ಪೀಕರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಗೋಡೆಯ ದೂರವೂ ದನಿಯನ್ನು ಬದಲಿಸುತ್ತದೆ. ಸ್ಪೀಕರಿನಿಂದ ಹಿಂದಕ್ಕೆ ಹೋದ ಮಂದ್ರದ ಅಲೆ ಗೋಡೆಗೆ ಬಡಿದು ಮರಳಿ, ಮುಂದಕ್ಕೆ ಹೊರಟ ಅಲೆಯನ್ನು ಒಂದು ನಿರ್ದಿಷ್ಟ ಸ್ವರದಲ್ಲಿ ಅಳಿಸಿಹಾಕುತ್ತದೆ. ಗೋಡೆ ಅರ್ಧ ಮೀಟರ್ ದೂರದಲ್ಲಿದ್ದರೆ ಈ ಹಳ್ಳ ಸುಮಾರು 170 ಹರ್ಟ್ಸ್‌ನಲ್ಲಿ ಬೀಳುತ್ತದೆ, ಒಂದು ಮೀಟರ್ ಇದ್ದರೆ 86 ಹರ್ಟ್ಸ್‌ನಲ್ಲಿ. ಗೋಡೆಗೆ ತೀರ ಅಂಟಿಸಿದರೆ ಹಳ್ಳ ಮೇಲಿನ ಸ್ವರಗಳಿಗೆ ಸರಿದು, ಮಂದ್ರ ಮಾತ್ರ ಉಬ್ಬಿ ಗುಂಯ್‌ಗುಡುತ್ತದೆ. ಬೆನ್ನಿನಲ್ಲಿ ಗಾಳಿಕಿಂಡಿ ಇರುವ ಸ್ಪೀಕರನ್ನು ಗೋಡೆಗೆ ಬಿಗಿಯುವ ಮುನ್ನ ಎರಡು ಸಲ ಯೋಚಿಸಬೇಕಾದ್ದು ಇದಕ್ಕೇ.

ಐದು ಸ್ಪೀಕರುಗಳ ಏರ್ಪಾಟಿಗೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಎಸ್.775 ಶಿಫಾರಸು ಮಾದರಿ. ನಡುವಿನದು ನೇರ ಎದುರಿಗೆ, ಮುಂದಿನ ಎಡ ಬಲಗಳು 30 ಡಿಗ್ರಿಯಲ್ಲಿ, ಪಕ್ಕದವು 100ರಿಂದ 120 ಡಿಗ್ರಿಯಲ್ಲಿ. ತೀರ ಮಂದ್ರಕ್ಕೆಂದೇ ಇರುವ ಸಬ್‌ವೂಫರಿನ ಜಾಗ ನೆಲವೇ, ಅದಕ್ಕೆ ಸ್ಟ್ಯಾಂಡಿನ ಗೊಡವೆ ಬೇಡ.

ಉರುಳುವ ಲೆಕ್ಕ

ಸ್ಟ್ಯಾಂಡಿನ ಮೇಲೆ ಕೂತ ಸ್ಪೀಕರ್ ಎಂದರೆ ತಲೆಭಾರದ ವಸ್ತು. ಒಂದು ಮಾಮೂಲಿ ಉದಾಹರಣೆ ತೆಗೆದುಕೊಳ್ಳೋಣ. 60 ಸೆಂ.ಮೀ. ಎತ್ತರದ, 5 ಕೆ.ಜಿ. ತೂಕದ ಕಬ್ಬಿಣದ ಸ್ಟ್ಯಾಂಡು. ಅದರ ಮೇಲೆ 40 ಸೆಂ.ಮೀ. ಎತ್ತರದ, 10 ಕೆ.ಜಿ. ಸ್ಪೀಕರ್. ಸ್ಪೀಕರಿನ ಗುರುತ್ವ ಕೇಂದ್ರ ನೆಲದಿಂದ 80 ಸೆಂ.ಮೀ., ಸ್ಟ್ಯಾಂಡಿನದು 20 ಸೆಂ.ಮೀ. ಎತ್ತರದಲ್ಲಿದೆ ಎಂದಿಟ್ಟುಕೊಂಡರೆ ಎರಡೂ ಸೇರಿದ ಗುರುತ್ವ ಕೇಂದ್ರ 60 ಸೆಂ.ಮೀ. ಎತ್ತರದಲ್ಲಿ ನಿಲ್ಲುತ್ತದೆ. ಕಾಲುಗಳ ನಡುವಿನ ಅಂತರ 30 ಸೆಂ.ಮೀ. ಆದರೆ 14 ಡಿಗ್ರಿ ವಾಲಿದರೆ ಸಾಕು, ಸ್ಪೀಕರ್ ಉರುಳುತ್ತದೆ. ಸ್ಪೀಕರಿನ ತುದಿಯನ್ನು ಅಡ್ಡಕ್ಕೆ ತಳ್ಳುವವರು ಹಾಕಬೇಕಾದ ಬಲ ಕೇವಲ ಎರಡೂಕಾಲು ಕೆ.ಜಿ. ಹೆಜ್ಜೆ ಹಾಕಲು ಕಲಿಯುತ್ತಿರುವ ಮಗು ಆಸರೆಗೆಂದು ಹಿಡಿದರೂ ಅಷ್ಟು ಬಲ ಬಿದ್ದೀತು.

ಈಗ ಅದೇ ಸ್ಟ್ಯಾಂಡಿನ ಕಂಬಕ್ಕೆ ಮರಳು ತುಂಬೋಣ. ಒಳಗೆ 10 ಸೆಂ.ಮೀ. ಚೌಕದ, 50 ಸೆಂ.ಮೀ. ಉದ್ದದ ಕಂಬದಲ್ಲಿ ಐದು ಲೀಟರ್ ಜಾಗವಿರುತ್ತದೆ, ಸುಮಾರು 8 ಕೆ.ಜಿ. ಒಣಮರಳು ಹಿಡಿಯುತ್ತದೆ. ಗುರುತ್ವ ಕೇಂದ್ರ 49 ಸೆಂ.ಮೀ.ಗೆ ಇಳಿಯುತ್ತದೆ, ಉರುಳುವ ಕೋನ 17 ಡಿಗ್ರಿಗೆ ಏರುತ್ತದೆ, ತಳ್ಳಬೇಕಾದ ಬಲ ಸುಮಾರು ಮೂರೂವರೆ ಕೆ.ಜಿ. ಆಗುತ್ತದೆ. ಜೊತೆಗೆ ಕಾಲುಗಳ ಅಂತರವನ್ನು 40 ಸೆಂ.ಮೀ.ಗೆ ಅಗಲಿಸಿದರೆ ಕೋನ 22 ಡಿಗ್ರಿ, ಬಲ ನಾಲ್ಕೂವರೆ ಕೆ.ಜಿ.ಗಿಂತ ಹೆಚ್ಚು. ಮೊದಲಿನದಕ್ಕೆ ಹೋಲಿಸಿದರೆ ಎರಡು ಪಟ್ಟು ಭದ್ರ. ಸ್ಪೀಕರ್ ಬದಲಾಗಿಲ್ಲ, ಎತ್ತರ ಬದಲಾಗಿಲ್ಲ. ಖರ್ಚಾದದ್ದು ಒಂದಿಷ್ಟು ಮರಳು, ತುಸು ಕಬ್ಬಿಣ.

ಅಳೆಯಬೇಕಾದ್ದು ತಳದ ಹಲಗೆಯ ಅಗಲವನ್ನಲ್ಲ, ಕಾಲುಗಳ ನಡುವಿನ ಅಂತರವನ್ನು. ಹಲಗೆ ಎಷ್ಟೇ ಅಗಲವಿದ್ದರೂ ಕಾಲುಗಳನ್ನು ಒಳಕ್ಕೆ ಸರಿಸಿ ಜೋಡಿಸಿದ್ದರೆ ಪ್ರಯೋಜನವಿಲ್ಲ. ಮೂರು ಕಾಲಿನ ಸ್ಟ್ಯಾಂಡು ಏರುತಗ್ಗಿನ ನೆಲದಲ್ಲೂ ಕುಣಿಯುವುದಿಲ್ಲ, ನಿಜ. ಆದರೆ 30 ಸೆಂ.ಮೀ. ಅಂತರದ ಮೂರು ಕಾಲುಗಳ ನಡುಬಿಂದುವಿನಿಂದ ಉರುಳುವ ಗೆರೆಗೆ ಸುಮಾರು 9 ಸೆಂ.ಮೀ. ಮಾತ್ರ, ನಾಲ್ಕು ಕಾಲಾದರೆ 15 ಸೆಂ.ಮೀ. ಭಾರದ ಸ್ಪೀಕರಿಗೆ ನಾಲ್ಕು ಕಾಲೇ ಸರಿ. ಅವುಗಳ ಎತ್ತರವನ್ನು ತಿರುಪಿನಿಂದ ಹೊಂದಿಸುವ ಅನುಕೂಲ ಇರಬೇಕು.

ತುಂಬುವ ಮರಳು ಚೆನ್ನಾಗಿ ಒಣಗಿರಬೇಕು. ಎಂ-ಸ್ಯಾಂಡ್ ಆದರೂ ನಡೆಯುತ್ತದೆ, ಬಿಸಿಲಲ್ಲಿ ಹರಡಿ ಒಣಗಿಸಿ, ಜರಡಿ ಹಿಡಿದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಳಿಸಿದರೆ ಒಳ್ಳೆಯದು. ಕಡಲ ಮರಳನ್ನು ಮುಟ್ಟಬಾರದು, ಅದರ ಉಪ್ಪು ಕಂಬವನ್ನು ಒಳಗಿನಿಂದ ತಿನ್ನುತ್ತದೆ. ಕೆಲವರು ಸೀಸದ ಗುಂಡು ತುಂಬುತ್ತಾರೆ. ಸೀಸ ವಿಷ, ಮಕ್ಕಳಿರುವ ಮನೆಗೆ ಅದು ಬೇಡವೇ ಬೇಡ.

ಕಂಪನ

ಮಂದ್ರ ಸ್ವರ ಹೊರಡಿಸುವ ವೂಫರಿನ ಕೋನ್ ಮುಂದಕ್ಕೆ ಜಿಗಿದಾಗ ಪೆಟ್ಟಿಗೆ ಹಿಂದಕ್ಕೆ ಒದೆಸಿಕೊಳ್ಳುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಕೋನ್ 25 ಗ್ರಾಂ, ಪೆಟ್ಟಿಗೆ 10 ಕೆ.ಜಿ. ಆದರೆ ಎರಡರ ಪ್ರಮಾಣ ನಾನೂರಕ್ಕೆ ಒಂದು. ಕೋನ್ 2 ಮಿ.ಮೀ. ಚಲಿಸಿದರೆ, ತಡೆಯಿಲ್ಲದ ಪೆಟ್ಟಿಗೆ ಒಂದು ಮಿಲಿಮೀಟರಿನ ಇನ್ನೂರನೇ ಒಂದು ಭಾಗದಷ್ಟು ಸರಿಯುತ್ತದೆ. ಇಷ್ಟರಿಂದಲೇ ದೊಡ್ಡ ಹಾನಿಯಿಲ್ಲ. ಆದರೆ ಸ್ಟ್ಯಾಂಡಿಗೂ ತನ್ನದೇ ಒಂದು ಸ್ವರ ಇರುತ್ತದೆ. ಸಂಗೀತದ ಸ್ವರ ಅದಕ್ಕೆ ತಾಗಿದಾಗ ಕಂಬ ತಾನೂ ಹಾಡತೊಡಗುತ್ತದೆ, ಒಂದು ತಂತಿ ಮೀಟಿದರೆ ಪಕ್ಕದ ಶ್ರುತಿ ತಂತಿ ತಾನಾಗಿ ಮಿಡಿಯುವಂತೆ. ವಿಜ್ಞಾನದ ಪುಸ್ತಕಗಳಲ್ಲಿ ಇದರ ಹೆಸರು ಅನುರಣನೆ. ಮೃದಂಗದ ಒಂದು ಪೆಟ್ಟು ಮುಗಿದ ಮೇಲೂ ಎಳೆದಂತೆ ಕೇಳಿಸುವುದಕ್ಕೆ, ಸಿನಿಮಾದಲ್ಲಿ ಗಂಡಸಿನ ಮಾತು ಪಾತ್ರೆಯೊಳಗಿನಿಂದ ಬಂದಂತಾಗುವುದಕ್ಕೆ ಇದು ಒಂದು ಕಾರಣ.

ಪರೀಕ್ಷೆಗೆ ಬೆರಳ ಗೆಣ್ಣು ಸಾಕು. ಅಂಗಡಿಯಲ್ಲಿ ಸ್ಟ್ಯಾಂಡಿನ ಕಂಬವನ್ನು ಗೆಣ್ಣಿನಿಂದ ತಟ್ಟಿ ಕಿವಿಗೊಡಿ. ತೆಳು ತಗಡಿನ ಟೊಳ್ಳು ಕೊಳವೆ ‘ಟಣ್’ ಎಂದು ಸದ್ದು ಮಾಡಿ, ಆ ಸದ್ದು ಕೆಲಹೊತ್ತು ನಿಲ್ಲುತ್ತದೆ. ಮರಳು ತುಂಬಿದ್ದು ಅಥವಾ ಗಟ್ಟಿ ಮರದ್ದು ‘ದಬ್’ ಎಂದು ಅಲ್ಲೇ ಸುಮ್ಮನಾಗುತ್ತದೆ. ಆಮೇಲೆ ಮೇಲಿನ ಹಲಗೆಯನ್ನು ಎರಡೂ ಕೈಯಿಂದ ಹಿಡಿದು ತಿರುಚಿ ನೋಡಬೇಕು. ಕಂಬ ತಳಕ್ಕೆ ಸೇರುವ ಕಡೆ ಸ್ವಲ್ಪ ಆಡಿದರೂ ಅದನ್ನು ಬಿಟ್ಟುಬಿಡುವುದೇ ಲೇಸು.

ಸ್ಟ್ಯಾಂಡಿನ ಕೆಳಗೆ ಚೂಪು ಮೊಳೆಗಳನ್ನು ಹಾಕುವ ಪದ್ಧತಿಯನ್ನು ಜನಪ್ರಿಯಗೊಳಿಸಿದ್ದು 1970–80ರ ದಶಕಗಳ ಬ್ರಿಟನ್ನಿನ ಸಂಗೀತಾಸಕ್ತರು. ಅಲ್ಲಿಯ ಮನೆಗಳಲ್ಲಿ ಮರದ ಹಲಗೆಯ ನೆಲ, ಅದರ ಮೇಲೆ ದಪ್ಪ ಕಾರ್ಪೆಟ್. ಮೆತ್ತನೆಯ ಕಾರ್ಪೆಟ್ಟನ್ನು ತೂರಿ ಕೆಳಗಿನ ಗಟ್ಟಿ ನೆಲವನ್ನು ಹಿಡಿಯಲು ಮೊಳೆ ಬೇಕಿತ್ತು. ನಮ್ಮಲ್ಲಿ ನೆಲವೇ ಕಲ್ಲು, ರೆಡ್ ಆಕ್ಸೈಡ್, ಇಲ್ಲವೇ ಟೈಲ್ಸ್. ಮೇಲಿನ ಉದಾಹರಣೆಯ ಮರಳು ತುಂಬಿದ ಸ್ಟ್ಯಾಂಡು, ಸ್ಪೀಕರ್ ಎರಡೂ ಸೇರಿದ 23 ಕೆ.ಜಿ. ಭಾರ ನಾಲ್ಕು ಮೊಳೆಗಳಿಗೆ ಹಂಚಿ, ಒಂದೊಂದರ ತುದಿ ಒಂದು ಚದರ ಮಿಲಿಮೀಟರ್ ಇದ್ದರೆ ನೆಲದ ಮೇಲಿನ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 500 ಕೆ.ಜಿ. ದಾಟುತ್ತದೆ. ಅಜ್ಜನ ಕಾಲದ ಕೆಂಪು ನೆಲದಲ್ಲಿ ಇದು ಗುಳಿ ಬೀಳಿಸುತ್ತದೆ, ಸ್ವಲ್ಪ ಎಳೆದರೆ ಟೈಲ್ಸಿನ ಮೇಲೆ ಗೀರು ಬೀಳುತ್ತದೆ. ಗಟ್ಟಿ ನೆಲಕ್ಕೆ ಮೊಳೆಯಿಂದ ವಿಶೇಷ ಲಾಭವೂ ಇಲ್ಲ. ದಪ್ಪ ಫೆಲ್ಟ್ ಅಥವಾ ರಬ್ಬರಿನ ಬಿಲ್ಲೆ ಸಾಕು, ಕೆಳಗಿನ ಮಹಡಿಯವರಿಗೆ ಗುದ್ದೂ ಕಡಿಮೆ ಕೇಳಿಸುತ್ತದೆ. ಸ್ಪೀಕರಿಗೂ ಸ್ಟ್ಯಾಂಡಿನ ಮೇಲಿನ ಹಲಗೆಗೂ ನಡುವೆ, ಪೋಸ್ಟರ್ ಅಂಟಿಸುವ ಬ್ಲೂ-ಟ್ಯಾಕ್‌ನಂಥ ಅಂಟಿನ ನಾಲ್ಕು ಉಂಡೆ ಒತ್ತಿದರೆ ಪೆಟ್ಟಿಗೆ ಜಾರುವುದಿಲ್ಲ. ಹತ್ತಾರು ಸಾವಿರದ ಸ್ಪೀಕರ್ ಕೊಂಡವರೂ ಈ ಸಣ್ಣ ಕೆಲಸವನ್ನು ಮರೆಯುತ್ತಾರೆ.

ಸಾಮಗ್ರಿ

ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಒಳ್ಳೆಯ ಸ್ಟ್ಯಾಂಡು ಮಾಡಿಸಬಹುದು. 6 ಮಿ.ಮೀ. ದಪ್ಪದ, 30×40 ಸೆಂ.ಮೀ. ಅಳತೆಯ ಒಂದು ಎಂ.ಎಸ್. ಪ್ಲೇಟು ಸುಮಾರು ಐದೂವರೆ ಕೆ.ಜಿ. ತೂಗುತ್ತದೆ. ಅದಕ್ಕೆ ಚೌಕ ಪೈಪನ್ನು ಸುತ್ತಲೂ ಪೂರ್ತಿ ವೆಲ್ಡ್ ಮಾಡಿಸಬೇಕು, ನಾಲ್ಕು ಚುಕ್ಕೆ ಇಟ್ಟು ಬಿಡಬಾರದು. ತಳಕ್ಕೆ ಗ್ರಾನೈಟ್ ಕೂಡ ಸೊಗಸಾಗಿ ಹೊಂದುತ್ತದೆ. ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು ಕಲ್ಲಿನ ನಾಡು ನಮ್ಮದು. ಅಡುಗೆಮನೆ ಕಟ್ಟೆಗೆ ಕತ್ತರಿಸಿ ಉಳಿದ ತುಂಡುಗಳನ್ನು ಕಲ್ಲಿನ ಅಂಗಡಿಯಲ್ಲಿ ಕೇಳಿ ಪಡೆಯಬಹುದು. 30×40 ಸೆಂ.ಮೀ., 3 ಸೆಂ.ಮೀ. ದಪ್ಪದ ತುಂಡು ಹತ್ತಿರ ಹತ್ತಿರ 10 ಕೆ.ಜಿ. ಇರುತ್ತದೆ. ಆ ಭಾರವೆಲ್ಲ ನೆಲಕ್ಕಂಟಿಕೊಂಡೇ ಇರುವುದರಿಂದ ಭದ್ರತೆಗೆ ಇದಕ್ಕಿಂತ ಒಳ್ಳೆಯ ವಸ್ತು ಸಿಗದು. ತೇಗ, ಹೊನ್ನೆ, ಹಲಸಿನ ಮರಗಳೂ ಚೆನ್ನ. ಎಂ.ಡಿ.ಎಫ್. ಮತ್ತು ಪಾರ್ಟಿಕಲ್ ಬೋರ್ಡು ಮಲೆನಾಡು, ಕರಾವಳಿಯ ತೇವಕ್ಕೆ ಉಬ್ಬಿ, ಸ್ಕ್ರೂ ಹಿಡಿತ ಬಿಡುತ್ತವೆ. ಗಾಜಿನ ಹಲಗೆಯ ಸ್ಟ್ಯಾಂಡು ಭಾರದ ಸ್ಪೀಕರಿಗೆ ಅಲ್ಲ.

ಮದುವೆ ಮನೆ, ಯಕ್ಷಗಾನ, ಜಾತ್ರೆಗಳಲ್ಲಿ ಮೈಕಿನವರು ತರುವ ಮೂರು ಕಾಲಿನ ಟ್ರೈಪಾಡನ್ನು ಮನೆಗೂ ಬಳಸಬಹುದೇ ಎಂದು ಕೇಳುವವರಿದ್ದಾರೆ. ಆ ಸ್ಪೀಕರುಗಳ ತಳದಲ್ಲಿ 35 ಮಿ.ಮೀ. ಕಂಬ ಕೂರುವ ತೂತು ಇರುತ್ತದೆ. ಮನೆಯ ಸ್ಪೀಕರಿಗೆ ಅದಿಲ್ಲ. ನಡುವೆ ಹಲಗೆ ಜೋಡಿಸಿ ಹೊಂದಿಸಲು ಹೋದವರು ಬೀಳುವುದಕ್ಕೆ ಹೊಸ ದಾರಿ ಮಾಡಿಕೊಟ್ಟಂತೆ.

ಗೋಡೆಗೆ ಬಿಗಿಯುವುದು

ಬ್ರಾಕೆಟ್ ಎಂದರೆ ಸನ್ನೆ. 10 ಕೆ.ಜಿ. ಸ್ಪೀಕರಿನ ಗುರುತ್ವ ಕೇಂದ್ರ ಗೋಡೆಯಿಂದ 25 ಸೆಂ.ಮೀ. ಮುಂದಿದ್ದು, ಬ್ರಾಕೆಟ್ಟಿನ ಮೇಲಿನ ಮತ್ತು ಕೆಳಗಿನ ಬೋಲ್ಟುಗಳ ನಡುವೆ 10 ಸೆಂ.ಮೀ. ಇದ್ದರೆ, ಮೇಲಿನ ಬೋಲ್ಟುಗಳನ್ನು ಗೋಡೆಯಿಂದ ಹೊರಕ್ಕೆ ಕೀಳುವ ಬಲ 25 ಕೆ.ಜಿ. ತೋಳು 40 ಸೆಂ.ಮೀ. ಚಾಚಿದರೆ ಅದೇ ಸ್ಪೀಕರ್ 40 ಕೆ.ಜಿ. ಬಲದಿಂದ ಎಳೆಯುತ್ತದೆ. ಬೋಲ್ಟುಗಳ ನಡುವಿನ ಅಂತರವನ್ನು 20 ಸೆಂ.ಮೀ.ಗೆ ಹೆಚ್ಚಿಸಿದರೆ ಎಳೆತ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಉದ್ದನೆಯ ಬೆನ್ನುಪಟ್ಟಿ, ಗಿಡ್ಡ ತೋಳು ಇರುವ ಬ್ರಾಕೆಟ್ಟನ್ನೇ ಆರಿಸಬೇಕು. ಬಾಗುವ, ತಿರುಗುವ, ಚಾಚುವ ಸೌಕರ್ಯಗಳೆಲ್ಲ ಇರುವ ನಾಜೂಕಿನ ತೋಳು ಭಾರಕ್ಕೆ ಆಗಿಬರುವುದಿಲ್ಲ.

ಬ್ರಾಕೆಟ್ ಎಷ್ಟೇ ಗಟ್ಟಿಯಿದ್ದರೂ ಹಿಡಿಯುವುದು ಗೋಡೆ. ಗೋಡೆ ಯಾವುದರದ್ದೆಂದು ಡ್ರಿಲ್ಲಿನ ಪುಡಿಯೇ ಹೇಳುತ್ತದೆ. ಮೊದಲ ಒಂದೂವರೆ ಸೆಂಟಿಮೀಟರು ಗಾರೆಯ ಬೂದು ಪುಡಿ. ಗಾರೆಯನ್ನು ನಂಬಿ ಯಾವ ಭಾರವನ್ನೂ ಹಾಕಬಾರದು. ಅದರಾಚೆ ಕೆಂಪು ಪುಡಿ ಬಂದರೆ ಸುಟ್ಟ ಇಟ್ಟಿಗೆ, ಒಳ್ಳೆಯ ನೈಲಾನ್ ಪ್ಲಗ್ಗು ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಬೂದು ಪುಡಿಯೇ ಮುಂದುವರಿದು ಡ್ರಿಲ್ಲು ಏದುಸಿರು ಬಿಟ್ಟರೆ ಕಾಂಕ್ರೀಟು, ಎಲ್ಲಕ್ಕಿಂತ ಭದ್ರ. ಡ್ರಿಲ್ಲು ಇದ್ದಕ್ಕಿದ್ದಂತೆ ಒಳಕ್ಕೆ ನುಗ್ಗಿದರೆ ಟೊಳ್ಳು ಬ್ಲಾಕು. ಬೆಣ್ಣೆಯಲ್ಲಿ ಹೋದಂತೆ ಸಲೀಸಾಗಿ ಹೋಗಿ ಬಿಳಿಯ ಹಿಟ್ಟಿನಂಥ ಪುಡಿ ಉದುರಿದರೆ ಅದು ಎಎಸಿ (ಗಾಳಿಗುಳ್ಳೆಯ ಹಗುರ ಕಾಂಕ್ರೀಟ್) ಬ್ಲಾಕು. ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಈಗ ಹೆಚ್ಚಾಗಿ ಕಾಣುವುದು ಇದೇ. ಅದರ ಸಾಂದ್ರತೆ ಇಟ್ಟಿಗೆಯ ಮೂರನೇ ಒಂದು ಭಾಗದಷ್ಟು. ಸಾಮಾನ್ಯ ಪ್ಲಗ್ಗು ಅದರಲ್ಲಿ ಇಂದು ನಿಂತು ನಾಳೆ ಸಡಿಲಾಗುತ್ತದೆ. ಎಎಸಿಗೆಂದೇ ಮಾಡಿದ ಉದ್ದ ಪ್ಲಗ್ಗು, ರಾಸಾಯನಿಕ ಅಂಟಿನ ಆಂಕರ್, ಇಲ್ಲವೇ ಗೋಡೆಯ ಆಚೆಬದಿಗೆ ಪಟ್ಟಿ ಕೊಟ್ಟು ಬಿಗಿದ ಉದ್ದ ಬೋಲ್ಟು ಬೇಕು. ಡ್ರಿಲ್ಲಿನ ಸುತ್ತಿಗೆ ಹೊಡೆತವನ್ನೂ ನಿಲ್ಲಿಸಿ ಕೊರೆಯಬೇಕು. ಕರಾವಳಿಯ ಮುರಕಲ್ಲಿನ ಗೋಡೆಗಳಲ್ಲಿ ಒಂದೇ ಕಲ್ಲಿನೊಳಗೆ ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ತೂತು. ಅಲ್ಲಿ ಉದ್ದ ಆಂಕರ್ ಹಾಕಿ, ಪ್ರತಿ ತೂತನ್ನೂ ಬೇರೆಯಾಗಿ ಎಳೆದು ಪರೀಕ್ಷಿಸಬೇಕು. ಹಳೆಯ ಮಣ್ಣಿನ ಗೋಡೆಗೆ ಕೈ ಹಚ್ಚದಿರುವುದೇ ಒಳ್ಳೆಯದು, ನೆಲದ ಸ್ಟ್ಯಾಂಡೇ ಅಂಥ ಮನೆಗೆ ತಕ್ಕದ್ದು.

ಗೋಡೆಯಲ್ಲಿ ಸ್ಕ್ರೂ ಹಿಡಿಸುವ ಈ ಪ್ಲಗ್ಗಿಗೂ ಒಂದು ಕಥೆಯಿದೆ. 1911ರ ಸುಮಾರಿಗೆ ಬ್ರಿಟಿಷ್ ಮ್ಯೂಸಿಯಂನ ಗೋಡೆಗಳಿಗೆ ಹೆಚ್ಚು ಹಾನಿಯಾಗದಂತೆ ವಿದ್ಯುತ್ ಸಾಮಾನು ಕೂರಿಸುವ ಕೆಲಸ ಹಿಡಿದಿದ್ದ ಜಾನ್ ಜೋಸೆಫ್ ರಾಲಿಂಗ್ಸ್ ಸೆಣಬಿನ ನಾರನ್ನು ಗಟ್ಟಿಗೊಳಿಸಿ ಪ್ಲಗ್ಗು ಮಾಡಿದರು. ಅವರ ಹೆಸರಿನಿಂದಲೇ ಅದು ರಾಲ್‌ಪ್ಲಗ್. ಇಂದಿನ ನೈಲಾನ್ ಪ್ಲಗ್ಗು 1958ರಲ್ಲಿ ಜರ್ಮನಿಯ ಆರ್ಟುರ್ ಫಿಷರ್ ಕಂಡುಹಿಡಿದದ್ದು. ತೂತಿನೊಳಗಿನ ಪುಡಿಯನ್ನು ಊದಿ ತೆಗೆಯದಿದ್ದರೆ ಇವೆರಡೂ ಕೆಲಸ ಮಾಡುವುದಿಲ್ಲ. ಸ್ವಿಚ್‌ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಒಳಗೆ ವೈರು ಹೋಗಿರುತ್ತದೆಂದು ನೆನಪಿಟ್ಟು ಅಲ್ಲಿ ಕೊರೆಯಬಾರದು.

ಸ್ಪೀಕರಿನ ಬೆನ್ನಿನಲ್ಲಿರುವ ತಿರುಪಿನ ತೂತಿನದೂ ಒಂದು ತೊಡಕು. ಅಮೆರಿಕನ್ ಮೂಲದ ಹಲವು ಸ್ಪೀಕರುಗಳಲ್ಲಿ ಅದು ಕಾಲಿಂಚಿನದು, ಒಂದು ಇಂಚಿಗೆ 20 ಸುತ್ತು. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎಂ6 ಬೋಲ್ಟು ನೋಡಲು ಅದೇ ಗಾತ್ರ, ಒಳಕ್ಕೂ ಹೋಗುತ್ತದೆ. ಆದರೆ ಒಂದರ ಸುತ್ತಿನ ಅಂತರ 1.27 ಮಿ.ಮೀ., ಇನ್ನೊಂದರದು 1 ಮಿ.ಮೀ. ಹಲ್ಲುಗಳು ಒಂದಕ್ಕೊಂದು ಕೂರುವುದಿಲ್ಲ, ಎರಡು ಮೂರು ಸುತ್ತುಗಳಷ್ಟೇ ತಾಗಿ, ಬಿಗಿದಾಗ ಸವೆದುಹೋಗುತ್ತವೆ. ಬಿಗಿಯುವಾಗ ಕೈಗೆ ‘ಜಾಳು’ ಎನಿಸಿದರೆ ಅಲ್ಲೇ ನಿಲ್ಲಿಸಬೇಕು. ಬೆನ್ನಿನಲ್ಲಿ ತೂತೇ ಇಲ್ಲದ ಸ್ಪೀಕರಿಗೆ ಹೊಸದಾಗಿ ತೂತು ಕೊರೆಯಬಾರದು. ತಯಾರಕರು ಅದನ್ನು ನೇತುಹಾಕಲು ಮಾಡಿಲ್ಲವೆಂದೇ ಅರ್ಥ. ಅಂಥದ್ದಕ್ಕೆ ಕೆಳಗಿನಿಂದ ಹೊರುವ, ಅಂಚು ಕಟ್ಟಿದ ಗೋಡೆಹಲಗೆ ಸರಿ.

ಸೂರಿನ ಕೆಲಸಕ್ಕೆ ಇನ್ನೂ ಹೆಚ್ಚು ಎಚ್ಚರ ಬೇಕು. ಜಿಪ್ಸಂ ಫಾಲ್ಸ್ ಸೀಲಿಂಗಿನ ಹಲಗೆಯಾಗಲಿ ಅದರ ತಗಡಿನ ಚೌಕಟ್ಟಾಗಲಿ ಸ್ಪೀಕರಿನ ಭಾರಕ್ಕೆ ಮಾಡಿದ್ದಲ್ಲ. ಮೇಲಿನ ಆರ್.ಸಿ.ಸಿ. ಸೂರಿಗೇ ಆಂಕರ್ ಹೊಡೆದು ತಿರುಪಿನ ಸರಳು ಇಳಿಸಬೇಕು. ಹೆಂಚಿನ ಮನೆಯಲ್ಲಿ ತೊಲೆಯನ್ನೇ ಹಿಡಿಯಬೇಕು, ರೀಪು ಭಾರ ತಡೆಯುವುದಿಲ್ಲ. ರಂಗಮಂದಿರಗಳಲ್ಲಿ ತಲೆಯ ಮೇಲೆ ಭಾರ ತೂಗುಹಾಕುವವರು ಸಾಮಾನ್ಯವಾಗಿ ಐದು ಪಟ್ಟು ಸಾಮರ್ಥ್ಯದ ಸಾಮಾನು ಬಳಸುತ್ತಾರೆ. ಮನೆಯಲ್ಲೂ ಅದೇ ಲೆಕ್ಕ ಇರಲಿ. ಬ್ರಾಕೆಟ್ಟಿನ ಬೋಲ್ಟುಗಳಿಗೆ ಸಂಬಂಧವಿಲ್ಲದ ಬೇರೊಂದು ಆಂಕರಿನಿಂದ ಉಕ್ಕಿನ ತಂತಿಯೊಂದು ಸ್ಪೀಕರಿಗೆ ಕಟ್ಟಿರಬೇಕು. ಬ್ರಾಕೆಟ್ ಕೈಕೊಟ್ಟ ದಿನ ಆ ತಂತಿಯೇ ಆಪತ್ತಿಗಾಗುತ್ತದೆ.

ಪರೀಕ್ಷೆ ಮತ್ತು ನಿರ್ವಹಣೆ

ಗೋಡೆಯ ಬ್ರಾಕೆಟ್ಟಿಗೆ ಸ್ಪೀಕರ್ ಏರಿಸುವ ಮುನ್ನ ಅದರ ಮೂರು ಪಟ್ಟು ತೂಕವನ್ನು ಒಂದು ದಿನ ತೂಗುಹಾಕಿ ನೋಡಬೇಕು, ಬ್ರಾಕೆಟ್ಟಿನ ನಮೂದಿತ ಮಿತಿಯೂ ಅಷ್ಟನ್ನು ತಾಳುವಂತಿರಬೇಕು. 8 ಕೆ.ಜಿ. ಸ್ಪೀಕರಿಗೆ 25 ಕೆ.ಜಿ.ಯ ಒಂದು ಅಕ್ಕಿ ಮೂಟೆ ಸರಿಹೋಗುತ್ತದೆ. ಸ್ಪೀಕರಿನ ಗುರುತ್ವ ಕೇಂದ್ರ ಎಲ್ಲಿ ಬರುತ್ತದೋ ಅಲ್ಲೇ ಮೂಟೆ ತೂಗಬೇಕು, ಕೆಳಗೆ ಯಾರೂ ಸುಳಿಯಬಾರದು. ಬ್ರಾಕೆಟ್ಟಿನ ಬೆನ್ನುಪಟ್ಟಿಯ ಸುತ್ತ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದಿಟ್ಟು, ಮರುದಿನ ಪಟ್ಟಿ ಆ ಗೆರೆಯಿಂದ ಸರಿದಿದೆಯೇ, ಮೇಲಂಚಿನಲ್ಲಿ ಸಂದಿ ಕಾಣುತ್ತದೆಯೇ ಎಂದು ಪರೀಕ್ಷಿಸಬೇಕು. ಕೂದಲೆಳೆಯಷ್ಟು ಸರಿದಿದ್ದರೂ ಆ ತೂತು ಕೆಟ್ಟಿತೆಂದೇ ತಿಳಿದು ಬೇರೆ ಕಡೆ ಕೊರೆಯಬೇಕು.

ಸ್ಪೀಕರ್ ಹಗಲಿರುಳು ನಡುಗುವ ವಸ್ತು, ಬಿಗಿದ ಬೋಲ್ಟು ನಡುಕಕ್ಕೆ ನಿಧಾನವಾಗಿ ಸಡಿಲಾಗುತ್ತದೆ. ಸ್ಪ್ರಿಂಗ್ ವಾಷರ್ ಅಥವಾ ನೈಲಾನ್ ನಟ್ಟು ಹಾಕಿದರೆ ತಡವಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಕರಾವಳಿಯಲ್ಲಿ ತುಕ್ಕಿನ ಕಾಟವೂ ಸೇರುವುದರಿಂದ ಸ್ಟೇನ್‌ಲೆಸ್ ಬೋಲ್ಟಿಗೆ ನಾಲ್ಕು ಕಾಸು ಹೆಚ್ಚು ಕೊಡುವುದೇ ಮೇಲು. ಪ್ರತಿವರ್ಷ ಮಳೆಗಾಲ ಮುಗಿದ ಮೇಲೆ ಒಂದು ಬೆಳಗ್ಗೆ ಸ್ಪ್ಯಾನರ್ ಹಿಡಿದು ಪ್ರತಿ ಬೋಲ್ಟನ್ನೂ ಮುಟ್ಟಿ ನೋಡಿ, ಉಕ್ಕಿನ ತಂತಿಯನ್ನು ಎಳೆದು ನೋಡಿ, ಆಮೇಲೆ ಮಕ್ಕಳನ್ನು ಅದರ ಕೆಳಗೆ ಕೂರಲು ಬಿಡಿ.